ಗಾಜಿನಾಚೆಯ ಕುರ್ಚಿ

ಅಕ್ಕಾ, ಈ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಇಲ್ಲದಿದ್ದರೂ ಹತ್ತು ಗಂಟೆ ನಿಂತೇ ಇರಬೇಕು, ಕೂತರೆ ಮ್ಯಾನೇಜರ್ ರೇಗುತ್ತಾನೆ. ಎದುರಿನ ಕಾಲ್ ಸೆಂಟರಿನ ಹುಡುಗಿಯೊಬ್ಬಳು ಗಾಜಿನಾಚೆ ಗಿರಗಿರ ತಿರುಗುವ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತಿರುತ್ತಾಳೆ. ನೋಡಿ ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ನಿನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕವಳೇ, "ನಿಮ್ದೇ ಪುಣ್ಯ ಕಣ್ರೀ, ಓಡಾಡ್ಕೊಂಡಿರ್ತೀರ. ನಾನು ಒಂದಕ್ಕೆ ಏಳೋಕೂ ಕೈ ಎತ್ತಿ ಕೇಳ್ಬೇಕು!" ಅಂದಳು. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಂತೆ!

ನಾಳೆ ಕಾರ್ಮಿಕ ಕಚೇರಿಗೆ ಇಬ್ಬರೂ ಸೇರಿ ಒಂದೇ ಅರ್ಜಿ ಕೊಡುತ್ತೇವೆ. ಅವಳಿಗೆ ಏಳುವ ಹಕ್ಕು ಬೇಕು, ನನಗೆ ಕೂರುವ ಹಕ್ಕು. ಕೆಲಸ ಹೋದರೂ ಹೋಗಬಹುದು, ಅಮ್ಮನಿಗೆ ಹೇಳಬೇಡ. ಕಾಲು ಬಾತು ಚಪ್ಪಲಿ ಹಿಡಿಸುತ್ತಿಲ್ಲ, ನೀನು ಕೊಟ್ಟ ಎಣ್ಣೆ ಮುಗಿಯಿತು. ನಿಜ ಹೇಳಲಾ? ಆ ಕುರ್ಚಿ ಕಂಡರೆ ಈಗಲೂ ಉರಿಯುತ್ತದೆ. ಈ ಕಾರ್ಡನ್ನೂ ಬಟ್ಟೆ ಕಟ್ಟಿನ ಮೇಲಿಟ್ಟು ನಿಂತೇ ಬರೆದೆ.

ನಿನ್ನ ತಂಗಿ