ಹೇಳಿ ಹೊಳ್ಳಿಸೂದು

ಅವ್ವಾ, ನಾ ಅಮೀನಪ್ಪ. ನೀ ಹೋದ ಮ್ಯಾಲ ನಿನ್ನ ನಂಬರ್ ಬ್ಯಾರೆ ಯಾರಿಗೋ ಹೋಗೈತಿ. ಇದನ್ನ ಕಳಸಂಗಿಲ್ಲ, ಸುಮ್ನ ಮಾತಾಡಿ ಫೋನಿನ್ಯಾಗ ಇಡ್ತೇನಿ. ಮಗ್ಗ ಮಾರಿದೆ. ಹಾಸಿಗಿ ಹಿಡಿದವ್ರನ್ನ ಅವ್ರ ಮನಿಗೇ ಹೋಗಿ ನೋಡ್ಕೊಳ್ಳೂ ಕೆಲಸ ಕಲಿಯಾಕ ಇಲಕಲ್ಲಿಂದ ದಿನಾ ನವನಗರಕ್ಕ ಹೋಗ್ತೇನಿ. ನಾಳೆ ಪರೀಕ್ಷಾ. ಫೇಲಾದ್ರ ಐವತ್ತರ ಮುದುಕಗ ಮತ್ತ್ಯಾರು ಕೆಲಸ ಕೊಡ್ತಾರ?

ಇವತ್ತ ನಮ್ಮ ಜೋಡಿ ಕಲಿಯೂ ಮರೋಳದ ಶಾರವ್ವ ಪೇಶಂಟ್ ಆಗಿ ಮಲಗಿದ್ಳು. ಆಕಿನ್ನ ಒಂದ್ ಮಗ್ಗಲಿಂದ ಇನ್ನೊಂದ್ ಮಗ್ಗಲಿಗೆ ಹೊಳ್ಳಿಸ್ಬೇಕಿತ್ತು. ಕೈ ಚಲೋ ನಡೀತು, ಬಾಯಿ ಮಾತ್ರ ಬಂದ್. ಮಗ್ಗದ ಸಪ್ಪಳದಾಗ ಮಾತಾಡಿದ್ರ ಯಾರಿಗೆ ಕೇಳಸ್ತೈತಿ? ಕೈಗೆ ಕೆಲಸ ಬಂದ್ರ ಬಾಯಿ ಮುಚ್ಚೂದು ರೂಢಿ. ಶಾರವ್ವ ಚಿಟ್ಟನ ಚೀರಿ ಮಂಚದ ಕಂಬಿ ಹಿಡದ್ಳು.

"ಅಮೀನಪ್ಪಾರ, ಚಾ ಕುಡಿಯೂವಾಗ ನಿಮ್ಮ ಮಾತು ಮುಗಿಯಂಗಿಲ್ಲ," ಅಂದ್ರು ನಮಗ ಕಲಿಸೂ ಮಾಯಾ ಮೇಡಮ್. "ಮುಟ್ಟೂಕಿಂತ ಮೊದ್ಲ ಹೇಳ್ರಿ. ಹೇಳದ ಹೊಳ್ಳಿಸಿದ್ರ ಅವ್ರಿಗೆ ಬಿದ್ದಂಗ ಅನಸ್ತೈತಿ. ನಾಳೆ ಹಿಂಗ ಮಾಡಿದ್ರ ಫೇಲ್."

"ಅಣ್ಣಾ, ನಾ ಏನ್ ಸೀರೀನ್ರಿ, ಮಡಚಿ ಇಡಾಕ?" ಅಂದ್ಳು ಶಾರವ್ವ. ಎಲ್ಲಾರೂ ನಕ್ರು.

ನಾ ನಗಲಿಲ್ಲವ್ವಾ. ನೀ ಹಾಸಿಗಿ ಹಿಡದಾಗ ನಾ ಹೊಳ್ಳಿಸಿದ್ರ ನೀನೂ ಹಂಗ ಕಂಬಿ ಹಿಡೀತಿದ್ದಿ. ಬೆರಳ ಬಿಡಸಾಕ ಆಗ್ತಿದ್ದಿಲ್ಲ.

ಬಸ್ ಇಳದು ಬಂದಾಗಿಂದ ನಿನ್ನ ಮಂಚದ ಮ್ಯಾಲ ದಿಂಬ ಇಟ್ಟು ರೂಢಿ ಮಾಡಾಕತ್ತೇನಿ. ಮತ್ತ ಮತ್ತ ಹೇಳೂದು ಮರೀತೇನಿ. ತಡಿ, ಇನ್ನೊಮ್ಮೆ ಮಾಡಿ ನೋಡ್ತೇನಿ.

ಅವ್ವಾ, ಈಗ ಎಡಕ್ಕ ಹೊಳ್ಳಿಸ್ತೇನಿ. ಅಂಜಬ್ಯಾಡ. ನಾ ಹಿಡ್ಕೊಂಡೇನಿ.