ಒಂದು ಪಲ್ಲ ಅಕ್ಕಿಯ ಷೇರು

॥ ಶ್ರೀ ವೀರಭದ್ರ ಪ್ರಸನ್ನ ॥

ಕೊಪ್ಪ
ಕಾರ್ತಿಕ ಸೋಮವಾರ, ೧೮-೧೧-೧೯೪೬

ಪ್ರೀತಿಯ ತಂಗಿ ಸರ್ವಮಂಗಳೆಗೆ ಅಕ್ಕ ನೀಲಾಂಬಿಕೆಯ ಆಶೀರ್ವಾದ.

ಇಲ್ಲಿ ನಾನು ಚೆನ್ನಾಗಿದ್ದೇನೆ. ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದು ನಾಲ್ಕು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಎಂದು ನೀನು ಮುನಿಸಿಕೊಳ್ಳುವವಳಲ್ಲ, ಆದರೂ ತಪ್ಪು ನನ್ನದೇ. ಹೊಲಿಗೆ ಯಂತ್ರ ತಂದಿದ್ದೀಯಂತೆ, ಬೀರೂರಿನ ಹೆಂಗಸರು ಕುಬಸ ಹೊಲಿಸಲು ಬರುತ್ತಿದ್ದಾರಂತೆ, ಕೇಳಿ ಸಮಾಧಾನವಾಯಿತು. ನಿನ್ನ ಯಜಮಾನರು ಹೋದ ಮೇಲೆ ಒಬ್ಬಳೇ ಹೇಗೆ ನಿಭಾಯಿಸುತ್ತೀಯೋ ಎಂಬ ಚಿಂತೆ ನನಗಿತ್ತು.

ಈ ನಾಲ್ಕು ತಿಂಗಳು ನಾನು ಎಂತ ಮಾಡುತ್ತಿದ್ದೆ ಎಂದು ಕೇಳಿದರೆ ನೀನು ನಗಬಹುದು. ಮೂರೂರು ಮೋಟಾರು ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ ಜೊತೆ ಜಗಳ ಆಡುತ್ತಿದ್ದೆ. ಗೆದ್ದೆ ಕೂಡ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ಊರಲ್ಲೂ ಈಗ ಅದೇ ಮಾತು. ಸಾವಕಾಶವಾಗಿ ಹೇಳುತ್ತೇನೆ.

ಜುಲೈಯಲ್ಲಿ ಷೇರುದಾರರಿಗೆಲ್ಲ ಒಂದು ಅಚ್ಚಾದ ಕಾಗದ ಬಂತು. ಹತ್ತು ರೂಪಾಯಿಯ ಒಂದೊಂದು ಷೇರಿಗೆ ಹದಿನೈದು ರೂಪಾಯಿ ಕೊಟ್ಟು ಪರಮೇಶ್ವರಪ್ಪನವರು ತಾವೇ ಕೊಂಡುಕೊಳ್ಳುತ್ತಾರೆ, ಸೆಪ್ಟೆಂಬರಿನ ಸಭೆಯೊಳಗೆ ಒಪ್ಪಿಗೆ ತಿಳಿಸಬೇಕು ಎಂದು. ಅವರು ನರಸಿಂಹರಾಜಪುರದ ಮಂಡಿ ವ್ಯಾಪಾರಿ, ಕಂಪನಿ ಶುರುವಾದಾಗಿನಿಂದ ಅವರೇ ಮ್ಯಾನೇಜಿಂಗ್ ಡೈರೆಕ್ಟರು. ನನಗೂ ಮೊದಲು ಖುಷಿಯೇ ಆಯಿತು. ಹತ್ತಕ್ಕೆ ಹದಿನೈದು ಬಂದರೆ ಯಾರು ಬೇಡ ಅಂತಾರೆ? ನನ್ನ ಇಪ್ಪತ್ತೈದು ಷೇರಿಗೆ ಎಷ್ಟಾಯಿತು ಎಂದು ಬೆರಳಲ್ಲಿ ಎಣಿಸಿಯೂ ಆಗಿತ್ತು.

ಮಾರನೇ ದಿನ ನನ್ನ ಊಟದ ಮನೆಯಲ್ಲಿ ಒಂದು ಮಾತು ನಡೆಯಿತು. ಅಕ್ಕಿ ಏರಿದ್ದರಿಂದ ಊಟಕ್ಕೆ ಆರಾಣೆ ಇದ್ದದ್ದನ್ನು ಎಂಟಾಣೆ ಮಾಡಿ ಹಲಗೆಯ ಮೇಲೆ ಬರೆದಿದ್ದೆ. ಬಸರೀಕಟ್ಟೆಯ ದೇವಪ್ಪ ಎಲೆಯ ಮುಂದೆ ಕೂತು ತಕರಾರು ತೆಗೆದ. ನಿನಗೆ ಗೊತ್ತಲ್ಲ, ಕಾಫಿ ತೋಟದ ದೇವಪ್ಪ, ದೊಡ್ಡ ಗಂಟಲಿನವ.

“ನೀಲಮ್ಮ, ನೀವು ಊಟದ ಮನೆ ತೆಗೆದಾಗ ಎರಡಾಣೆ ಇತ್ತು. ಅದೇ ಅನ್ನ, ಅದೇ ಸಾರು. ಎಂಟಾಣೆ ಆಗುವಂಥದ್ದು ಎಂತ ಹಾಕಿದ್ದೀರಿ ಇದರಲ್ಲಿ?”

“ಅನ್ನ ದೊಡ್ಡದಾಗಿಲ್ಲ ಮಾರಾಯ, ನಿನ್ನ ಆಣೆ ಸಣ್ಣದಾಗಿದೆ” ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕು ಒಳಗೆ ಬಂದೆ. ಒಲೆಯ ಮುಂದೆ ಕೂತ ಮೇಲೆ ನಗು ನಿಂತುಹೋಯಿತು. ನನ್ನ ಆಣೆ ಸಣ್ಣದಾಗಿದ್ದರೆ ಪರಮೇಶ್ವರಪ್ಪನವರ ರೂಪಾಯಿಯೂ ಸಣ್ಣದೇ ಅಲ್ಲವೇ?

ಅಕ್ಕಿ ಕೊಂಡ ದಿನವೆಲ್ಲ ದರ ಬರೆದಿಡುವ ಅಭ್ಯಾಸ ನನಗೆ ಮೊದಲಿನಿಂದ ಇದೆ. ಹಳೇ ಪುಸ್ತಕ ತೆಗೆದು ನೋಡಿದೆ. ನಾವು ಷೇರು ಕೊಂಡ ಮೂವತ್ತನಾಲ್ಕನೇ ಇಸವಿಯಲ್ಲಿ ರೂಪಾಯಿಗೆ ಹತ್ತು ಸೇರು ಅಕ್ಕಿ. ಅಂದರೆ ಒಂದು ಷೇರಿಗೆ ಕೊಟ್ಟದ್ದು ನೂರು ಸೇರು, ತುಂಬಿದ ಒಂದು ಪಲ್ಲ. ಈಗ ರೂಪಾಯಿಗೆ ಎರಡೂವರೆ ಸೇರು. ಹದಿನೈದು ರೂಪಾಯಿಗೆ ಬರುವುದು ಮೂವತ್ತೇಳೂವರೆ ಸೇರು. ನಮ್ಮಿಂದ ಒಂದು ಪಲ್ಲ ತೆಗೆದುಕೊಂಡು, ಹನ್ನೆರಡು ವರ್ಷ ಬಸ್ಸು ಓಡಿಸಿ, ಅರ್ಧ ಪಲ್ಲವೂ ಇಲ್ಲದಷ್ಟು ಹಿಂದಕ್ಕೆ ಕೊಟ್ಟು, ಅದನ್ನು ಲಾಭ ಎನ್ನುತ್ತಿದ್ದರು.

ಆದರೆ ಹದಿನೈದು ಕಡಿಮೆ ಎಂದರೆ ಸಾಲದು, ಎಷ್ಟು ಸರಿ ಎಂದು ಹೇಳಬೇಕಲ್ಲ. ಕರಿಬಸವಯ್ಯ ಮೇಷ್ಟರನ್ನು ಕೇಳಿದೆ. ಶಾಲೆಯಿಂದ ನಿವೃತ್ತರಾದ ಮೇಲೆ ದಿನಾ ಮಧ್ಯಾಹ್ನದ ಊಟ ಅವರದು ನನ್ನಲ್ಲೇ. ಅವರು ಕನ್ನಡಕ ಹಾಕಿಕೊಂಡು ಕಂಪನಿಯ ಕಾಗದ ಓದಿದರು.

“ಹೋದ ವರ್ಷ ಷೇರಿಗೆ ನಾಲ್ಕಾಣೆ ಮಾತ್ರ ಲಾಭ ಎಂದು ಬರೆದಿದ್ದಾರಲ್ಲಮ್ಮ. ನಾಲ್ಕಾಣೆ ಹುಟ್ಟುವ ಷೇರಿಗೆ ಹದಿನೈದು ರೂಪಾಯಿ ಹೆಚ್ಚೇ ಆಯಿತು.”

“ಹೋದ ವರ್ಷ ಟಯರಿಲ್ಲದೆ ಮೂರು ಬಸ್ಸು ಕಲ್ಲಿನ ಮೇಲೆ ಕೂತಿದ್ದವು ಮೇಷ್ಟ್ರೇ. ಪೆಟ್ರೋಲಿಗೆ ರೇಷನ್ನು. ಮಳೆಗಾಲದಲ್ಲಿ ಒಂದು ವಾರ ತರಕಾರಿ ತುಟ್ಟಿಯಾಯಿತು ಎಂದು ನಾನು ವರ್ಷವಿಡೀ ಅದೇ ದರ ಹಾಕುತ್ತೇನೆಯೇ? ಒಳ್ಳೇ ದಿನ, ಕೆಟ್ಟ ದಿನ ಎಲ್ಲ ಕೂಡಿಸಿ ಒಂದು ದರ ಹಿಡಿಯುತ್ತೇನೆ. ಇದಕ್ಕೂ ಹತ್ತು ವರ್ಷದ್ದು ಕೂಡಿಸಿ ನೋಡೋಣ.”

ಮೇಷ್ಟರು ಕನ್ನಡಕ ತೆಗೆದಿಟ್ಟು, “ಹತ್ತು ವರ್ಷದ ವರದಿ ಬೇಕಾಗುತ್ತದೆ” ಅಂದರು.

ನನ್ನ ಪೆಟ್ಟಿಗೆಯಲ್ಲಿ ಏಳು ಸಿಕ್ಕಿದವು. ಉಳಿದ ಮೂರಕ್ಕೆ ಬಸ್ಸು ಹತ್ತಿ ಶೃಂಗೇರಿಗೆ ಹೋದೆ. ಅಲ್ಲಿ ಪಾತ್ರೆ ಅಂಗಡಿಯ ರಂಗಪ್ಪ ಅಂತ ಒಬ್ಬರು ಷೇರುದಾರರು, ಒಂದು ಚೂರು ಕಾಗದವನ್ನೂ ಬಿಸಾಡುವವರಲ್ಲ. “ಈ ರದ್ದಿ ಎಂತಕ್ಕೆ ತಾಯಿ?” ಎನ್ನುತ್ತಲೇ ಅಟ್ಟ ಹತ್ತಿ, ಧೂಳು ಕೊಡವಿ ಮೂರನ್ನೂ ತಂದುಕೊಟ್ಟರು. ವಿಷಯ ತಿಳಿದ ಮೇಲೆ, ಕಾಫಿ ಕುಡಿಯದೆ ಹೋಗಬಾರದು ಎಂದು ಕೂರಿಸಿದರು.

ಹದಿನೈದು ದಿನ ನಾನೂ ಮೇಷ್ಟರೂ ಲೆಕ್ಕಕ್ಕೆ ಕೂತೆವು. ಆಯಾ ವರ್ಷದ ಲಾಭವನ್ನು ಆಯಾ ವರ್ಷದ ಅಕ್ಕಿಗೆ ತಿರುಗಿಸುವುದು, ಅಷ್ಟೇ ಕೆಲಸ. ಆದರೆ ಬಂದದ್ದು ನೋಡಿ ಮೇಷ್ಟರೇ ಪೆನ್ಸಿಲು ಕೆಳಗಿಟ್ಟರು. ಮೂವತ್ತಾರರಲ್ಲಿ ಷೇರಿಗೆ ಹದಿಮೂರು ಆಣೆ ಲಾಭ, ಅಂದಿನ ದರದಲ್ಲಿ ಎಂಟು ಸೇರು ಅಕ್ಕಿ. ನಲವತ್ತಮೂರರಲ್ಲಿ ಯುದ್ಧದ ಗಲಾಟೆಯಲ್ಲಿ ಮೂರು ರೂಪಾಯಿ ಲಾಭ, ಕಂಪನಿಯವರು ಸಿಹಿ ಹಂಚಿದ್ದರು. ಅಕ್ಕಿಗೆ ತಿರುಗಿಸಿದರೆ ಒಂಬತ್ತು ಸೇರು. ಹದಿಮೂರು ಆಣೆಗೂ ಮೂರು ರೂಪಾಯಿಗೂ ಒಂದೇ ಸೇರಿನ ವ್ಯತ್ಯಾಸ. ಅಕ್ಕಿ ಒಂದೇ ನಂಬಿದರೆ ಸಾಕೇ ಎಂದು ಮೇಷ್ಟರಿಗೆ ಅನುಮಾನ ಬಂತು. ಊಟದ ದರ ತೋರಿಸಿದೆ. ಬೇಳೆ, ಎಣ್ಣೆ, ಸೌದೆ, ಕೂಲಿ ಎಲ್ಲ ಅದರಲ್ಲಿ ಸೇರಿದೆಯಲ್ಲ. ಎರಡಾಣೆಯಿಂದ ಎಂಟಾಣೆಗೆ, ಅದೂ ಅಕ್ಕಿಯಂತೆ ಸರಿಯಾಗಿ ನಾಲ್ಕು ಪಟ್ಟೇ ಏರಿತ್ತು.

ಕೆಟ್ಟ ವರ್ಷವನ್ನೂ ಬಿಡದೆ ಹತ್ತೂ ಕೂಡಿಸಿ ಸರಾಸರಿ ತೆಗೆದರೆ ಷೇರಿಗೆ ವರ್ಷಕ್ಕೆ ಎಂಟು ಸೇರಿಗಿಂತ ಚೂರು ಮೇಲೆ. ಇವತ್ತಿನ ದುಡ್ಡಲ್ಲಿ ಮೂರೂಕಾಲು ರೂಪಾಯಿ. ಗದ್ದೆ ಕೊಳ್ಳುವವರು ನಮ್ಮ ಕಡೆ ಹದಿನೈದು ವರ್ಷದ ಗೇಣಿ ಲೆಕ್ಕ ಹಾಕಿ ಕೊಡುತ್ತಾರೆ. ಬಸ್ಸು ಗದ್ದೆಯಲ್ಲ, ಸವೆಯುತ್ತದೆ ಎಂದು ಹನ್ನೆರಡು ವರ್ಷದ್ದೇ ಸಾಕೆಂದೆವು. ಮೂವತ್ತೊಂಬತ್ತು ರೂಪಾಯಿ ಬಂತು.

ಸಭೆ ನರಸಿಂಹರಾಜಪುರದಲ್ಲಿ, ಕಂಪನಿಯ ಗೋಡೌನಿನಲ್ಲಿ. ಅರವತ್ತು ಜನ ಸೇರಿದ್ದರು. ಹೆಂಗಸರು ಇಬ್ಬರೇ, ನಾನು ಮತ್ತು ಜಯಪುರದ ಅನ್ನಮ್ಮ. ಆಕೆಗೆ ಮಗಳ ಮದುವೆ ಹತ್ತಿರ ಬಂದಿತ್ತು, ಹತ್ತು ಷೇರು ಮಾರಿಯೇ ಹೋಗುವುದೆಂದು ಬಂದಿದ್ದಳು. ನಾನು ಎದ್ದು ನಿಂತೆ ಮಂಗಳಾ. ಒಂದು ಪಲ್ಲದ ಮಾತು ಹೇಳಿದ ಕೂಡಲೇ ಎಲ್ಲರೂ ಬೆರಳಲ್ಲಿ ಎಣಿಸತೊಡಗಿದರು.

ಪರಮೇಶ್ವರಪ್ಪನವರು ಮರ್ಯಾದೆಯಿಂದಲೇ ಮಾತಾಡಿದರು. “ಅಮ್ಮಾ, ಬಸ್ಸು ಓಡುವುದು ಅಕ್ಕಿಯಿಂದಲ್ಲ, ಪೆಟ್ರೋಲಿನಿಂದ.”

“ಷೇರು ಕೊಂಡವರು ಉಣ್ಣುವುದು ಅಕ್ಕಿಯನ್ನು, ಸ್ವಾಮಿ” ಅಂದೆ.

“ಹೋದ ವರ್ಷದ ಲಾಭ ನಾಲ್ಕಾಣೆ. ನಾನು ಅರವತ್ತು ವರ್ಷದ ಲಾಭವನ್ನು ಒಟ್ಟಿಗೆ ಕೊಡುತ್ತಿದ್ದೇನೆ.”

ಅಷ್ಟರಲ್ಲಿ ದೇವಪ್ಪ ಎದ್ದ, ಅವನೂ ಷೇರುದಾರನೇ. “ಹಾಗಾದರೆ ನಲವತ್ತಮೂರರ ಲಾಭ ಹಿಡಿಯಿರಿ. ಮೂರು ರೂಪಾಯಿ. ಅರವತ್ತು ವರ್ಷಕ್ಕೆ ನೂರ ಎಂಬತ್ತು ಕೊಡಿ.” ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ನಾನು ಅವನಿಗೂ ಬೇಡ ಅಂದೆ. “ಒಂದು ಕೆಟ್ಟ ವರ್ಷ ಹಿಡಿದು ಅವರು ಬೆಲೆ ಕಟ್ಟುವುದು ತಪ್ಪಾದರೆ, ಒಂದು ಒಳ್ಳೇ ವರ್ಷ ಹಿಡಿದು ನಾವು ಕಟ್ಟುವುದೂ ತಪ್ಪೇ. ಹತ್ತು ವರ್ಷದ್ದು ಮೂವತ್ತೊಂಬತ್ತು. ಅದಕ್ಕಿಂತ ಒಂದಾಣೆ ಹೆಚ್ಚು ನಾನು ಕೇಳುವುದಿಲ್ಲ.” ದೇವಪ್ಪ ಗೊಣಗುತ್ತ ಕೂತ. ಆದರೆ ಆ ಮಾತಿನಿಂದಲೇ ಜನ ನನ್ನನ್ನು ನಂಬಿದ್ದು ಎಂದು ಮೇಷ್ಟರು ಆಮೇಲೆ ಹೇಳಿದರು.

ಕೊನೆಗೆ, ನನ್ನ ಜೊತೆ ಬಂದಿದ್ದ ಮೇಷ್ಟರು ಒಂದೇ ಪ್ರಶ್ನೆ ಕೇಳಿದರು. “ಇಷ್ಟು ಬಡವಾದ ಷೇರು ತಮಗೆ ಯಾಕೆ ಬೇಕು ಪರಮೇಶ್ವರಪ್ಪನವರೇ?” ಅವರು ಅಲ್ಲಿಗೇ ಸಭೆ ಮುಗಿಸಿದರು. ಯುದ್ಧ ಮುಗಿದು ಮಿಲಿಟರಿಯವರು ಲಾರಿಗಳನ್ನು ಅಗ್ಗಕ್ಕೆ ಮಾರುತ್ತಿದ್ದಾರೆ, ಕಂಪನಿಗೆ ನಾಲ್ಕು ಲಾರಿ ಅವರು ಗೊತ್ತುಮಾಡಿಯೂ ಆಗಿದೆ, ಲಾಭ ಏರುವ ಮೊದಲೇ ಷೇರು ತಮ್ಮದಾಗಲಿ ಎಂಬ ಆತುರ ಎಂದು ಆಮೇಲೆ ತಿಳಿಯಿತು.

ಹೊರಗೆ ಬಂದು ಎಲ್ಲರೂ ಮಾತಾಡಿಕೊಂಡೆವು, ಮೂವತ್ತೊಂಬತ್ತಕ್ಕೆ ಕಡಿಮೆ ಯಾರೂ ಮಾರಬಾರದೆಂದು. ಅನ್ನಮ್ಮ ನನ್ನ ಕೈ ಹಿಡಿದುಕೊಂಡಳು. “ಆರು ವಾರ ಕಾಯುತ್ತೇನೆ ನೀಲಮ್ಮ. ಅಷ್ಟರ ಮೇಲೆ ನನ್ನಿಂದಾಗದು.”

ಆ ವಾರಗಳು ಕಷ್ಟದವೇ. ಕಂಪನಿಯ ಡ್ರೈವರು, ಕಂಡಕ್ಟರುಗಳೆಲ್ಲ ನನ್ನಲ್ಲಿ ಉಣ್ಣುತ್ತಿದ್ದರಲ್ಲ, ಸಭೆಯ ಮಾರನೇ ದಿನದಿಂದ ಒಬ್ಬರೂ ಬರಲಿಲ್ಲ. ದಿನಕ್ಕೆ ಹದಿನಾಲ್ಕು ಎಲೆ ಕಡಿಮೆಯಾಯಿತು. ಐತ ಎಂಬ ಕ್ಲೀನರ್ ಮಾತ್ರ ಹಿಂದಿನ ಬಾಗಿಲಲ್ಲಿ ಬಂದು, “ಅಲ್ಲಿ ಉಣ್ಣಬೇಡಿ ಎಂದು ಹೇಳಿದ್ದಾರೆ ಅಮ್ಮ” ಎಂದು ತಿಳಿಸಿ ಹೋದ. ಲೆಕ್ಕ ತಪ್ಪಿರಬಹುದೇ ಎಂದು ಮತ್ತೆ ಮೊದಲಿನಿಂದ ಹಾಕಿದೆ. ಮೂರು ಸಲ ಹಾಕಿದೆ. ಮೂವತ್ತೊಂಬತ್ತೇ ಬಂತು.

ಐದನೇ ವಾರ, ಗುರುವಾರ ಮಧ್ಯಾಹ್ನ, ಪರಮೇಶ್ವರಪ್ಪನವರು ಒಬ್ಬರೇ ಬಂದು ಎಲೆಯ ಮುಂದೆ ಕೂತರು. ನಾನೇ ಬಡಿಸಿದೆ. ಎರಡು ಸಲ ಸಾರು ಹಾಕಿಸಿಕೊಂಡು ನಿಧಾನವಾಗಿ ಉಂಡರು. ಕೈ ತೊಳೆದು ಎಂಟಾಣೆ ಮೇಜಿನ ಮೇಲಿಟ್ಟರು.

“ನಿಮ್ಮ ಲೆಕ್ಕವನ್ನು ನಮ್ಮ ಆಡಿಟರಿಗೆ ಕೊಟ್ಟಿದ್ದೆ. ಎಂಟು ದಿನ ತಪ್ಪು ಹುಡುಕಿದರು. ಮೂವತ್ತೆಂಟೂಮುಕ್ಕಾಲು ಅಂದರು.”

“ನಾಲ್ಕಾಣೆ ಬಿಡಬೇಕೇ?”

“ಬೇಡ. ಅಷ್ಟು ಜನರ ಮುಂದೆ ಹೇಳಿದ್ದೀರಿ. ಮೂವತ್ತೊಂಬತ್ತೇ ಇರಲಿ.” ಬಾಗಿಲ ಹತ್ತಿರ ನಿಂತು, “ಸಾರು ಚೆನ್ನಾಗಿತ್ತು” ಎಂದು ಹೋದರು. ಅವರ ಮೇಲೆ ನನಗಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಅನ್ನಮ್ಮನಿಗೆ ನೂರೈವತ್ತರ ಜಾಗದಲ್ಲಿ ಮುನ್ನೂರ ತೊಂಬತ್ತು ಸಿಕ್ಕಿತು. ಮದುವೆಗೆ ನನ್ನನ್ನು ಕೂರಿಸಿಕೊಂಡು ಹೋಗಲು ಗಾಡಿ ಕಳಿಸಿದ್ದಳು. ಅರ್ಧಕ್ಕರ್ಧ ಜನ ಮಾರಲೇ ಇಲ್ಲ, ನಾನೂ ಮಾರಲಿಲ್ಲ. ಡ್ರೈವರುಗಳು ವಾಪಸು ಬಂದರು, ಮೊದಲ ದಿನ ನಾಚಿಕೆಯಿಂದ ತಲೆ ತಗ್ಗಿಸಿಯೇ ಉಂಡರು. ಶೃಂಗೇರಿಯ ರಂಗಪ್ಪ ಒಂದು ಹೊಸ ಹಿತ್ತಾಳೆ ಕೊಳಗ ಕಳಿಸಿದ್ದಾರೆ. ಮುಂದಿನ ಸಭೆಯಲ್ಲಿ ನನ್ನನ್ನೇ ಒಬ್ಬ ಡೈರೆಕ್ಟರು ಮಾಡಬೇಕೆಂದು ದೇವಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಮೇಷ್ಟರಂತೂ ಆ ಲೆಕ್ಕವನ್ನು ಚಂದ ಅಕ್ಷರದಲ್ಲಿ ಬರೆದು ಶಾಲೆಯ ಹುಡುಗರಿಗೆ ಪಾಠ ಹೇಳಿ ಬಂದರು. ಇಷ್ಟು ವರ್ಷ ಅನ್ನ ಬೇಯಿಸಿದ್ದಕ್ಕೆ ಜನ ನನ್ನ ಹೊಗಳಿದ್ದುಂಟು, ಬುದ್ಧಿಗೆ ಹೊಗಳಿದ್ದು ಇದೇ ಮೊದಲು. ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳು.

ಮಕ್ಕಳಿಗೆ ನನ್ನ ಮುತ್ತು. ದೊಡ್ಡವನು ಲೆಕ್ಕದಲ್ಲಿ ಚುರುಕು ಎಂದು ಬರೆದಿದ್ದೀಯಲ್ಲ, ಬೇಸಿಗೆಗೆ ಇಲ್ಲಿಗೆ ಕಳಿಸು. ನಿನ್ನ ಸೂಜಿಗೆ ದಾರ ತಪ್ಪದಿರಲಿ, ಮನೆಗೆ ಬೆಳಕು ತಪ್ಪದಿರಲಿ, ವೀರಭದ್ರಸ್ವಾಮಿ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ನೀಲಾಂಬಿಕೆ

ತಾ.ಕ.: ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಅಪ್ಪಯ್ಯ ನಮ್ಮಿಬ್ಬರಿಗೂ ಸಮನಾಗಿ ಇಪ್ಪತ್ತೈದು ಷೇರು ಕೊಡಿಸಿದ್ದರು. ಎರಡು ವರ್ಷದ ಹಿಂದೆ ನಿನ್ನ ಯಜಮಾನರು ಹಾಸಿಗೆ ಹಿಡಿದಾಗ, ಹದಿನಾಲ್ಕು ರೂಪಾಯಿಗೆ ಕೇಳುತ್ತಿದ್ದಾರೆ, ಮಾರಲೇ ಅಕ್ಕಾ ಎಂದು ನೀನು ಬರೆದಿದ್ದೆ. ಹತ್ತಕ್ಕೆ ಕೊಂಡದ್ದು ಹದಿನಾಲ್ಕಕ್ಕೆ ಹೋಗುತ್ತದೆ, ಯೋಚಿಸಬೇಡ, ಮಾರು ಎಂದು ನಾನು ಕಾರ್ಡು ಹಾಕಿದೆ. ಮುನ್ನೂರೈವತ್ತು ಬಂತು. ಅದು ಮುಗಿದ ದಿನ ನೀನು ಅವರನ್ನು ದೊಡ್ಡಾಸ್ಪತ್ರೆಯಿಂದ ಮನೆಗೆ ಕರೆತಂದೆ. ಮೇಷ್ಟರ ಜೊತೆ ಕೂತು ಸರಾಸರಿ ತೆಗೆದ ಮೇಲೆ ನಾನು ಮೊದಲು ಹಾಕಿದ ಲೆಕ್ಕ ನಿನ್ನದು, ಮೇಷ್ಟರಿಗೆ ತೋರಿಸಲಿಲ್ಲ. ಆ ವರ್ಷದ ದರದಲ್ಲಿ ಷೇರಿಗೆ ಮೂವತ್ತೈದು ಸಿಗಬೇಕಿತ್ತು. ಇಪ್ಪತ್ತೈದು ಷೇರಿಗೆ ಇನ್ನೂ ಐನೂರ ಇಪ್ಪತ್ತೈದು ರೂಪಾಯಿ. ಅದು ಇದ್ದಿದ್ದರೆ ನಿನ್ನ ಯಜಮಾನರು ಬದುಕುತ್ತಿದ್ದರೋ ನನಗೆ ಗೊತ್ತಿಲ್ಲ. ಇನ್ನೂ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಬಹುದಿತ್ತು. ನನ್ನದರಲ್ಲಿ ಹನ್ನೆರಡು ಷೇರು ನಿನ್ನ ಹೆಸರಿಗೆ ಬರೆಸಲು ಫಾರಂ ಇದರ ಜೊತೆ ಇಟ್ಟಿದ್ದೇನೆ, ರುಜು ಹಾಕಿ ಕಳಿಸು. ಅದರಿಂದ ಸರಿಹೋಯಿತು ಎಂದು ನಾನು ತಿಳಿದಿಲ್ಲ. ಆ ಕಾರ್ಡಿನ ವಿಷಯ ನೀನು ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಆಡು ಮಂಗಳಾ.