ಡಿಸ್ಕ್ ನನ್ನದು, ಮೆಷಿನ್ ಅಣ್ಣನದು

ಮಾರ್ಚ್ 2, ಭಾನುವಾರ
ಬಟ್ಟೆ ಒಣಹಾಕಿದೆ. ಡಿಸ್ಕ್ ಒರೆಸಿ ಬ್ಯಾಗಿಗೆ ಹಾಕ್ಕೊಂಡೆ. ಮಗು ಸ್ಕೂಲಿಗೆ ಹೊರಟ ಹಾಗಿದೆ ಅಂತ ಇವರು ನಕ್ಕರು. ನಗಲಿ. ಅಮ್ಮ ಮಾಡಿದ ರೂಲು. ಚಿಕ್ಕವರಿದ್ದಾಗ ವಿಡಿಯೋ ಗೇಮ್‌ಗೋಸ್ಕರ ಜುಟ್ಟು ಹಿಡಿದು ಕಿತ್ತಾಡ್ತಿದ್ವಿ ಅಂತ ಡಿಸ್ಕ್ ನನ್ನ ಕೈಗೆ ಕೊಟ್ಟಳು, ಮೆಷಿನ್ ಅಣ್ಣನ ಕೈಗೆ. ಒಬ್ಬರನ್ನ ಬಿಟ್ಟು ಒಬ್ಬರು ಆಡೋ ಹಾಗಿಲ್ಲ ಅಂದಳು. ಅಮ್ಮ ಹೋದಳು, ನಮ್ಮಿಬ್ಬರ ಮದುವೆಯೂ ಆಯ್ತು, ಗೇಮ್‌ಗಳೂ ಬದಲಾದವು... ಭಾನುವಾರ ಮಾತ್ರ ತಪ್ಪಿಲ್ಲ.
ಇವತ್ತು ಗೇಮ್‌ನಲ್ಲಿ ಸೇತುವೆ ತನಕ ಬಂದ್ವಿ. ದಾಟೋದು ಮುಂದಿನ ವಾರ.

ಮಾರ್ಚ್ 9
ಅಣ್ಣನ ಮೆಸೇಜ್. ಮೈ ಹುಷಾರಿಲ್ಲವಂತೆ, ಬರಬೇಡವಂತೆ.

ಮಾರ್ಚ್ 16
ಇವತ್ತೂ ಬೇಡವಂತೆ. ಆಫೀಸ್ ಕೆಲಸ. ಭಾನುವಾರ ಎಂಥಾ ಆಫೀಸೋ!

ಮಾರ್ಚ್ 23, ಸಂಜೆ
ಹೇಳದೆ ಕೇಳದೆ ಹೋದೆ. ಬಾಗಿಲು ತೆಗೆದ ಅತ್ತಿಗೆ ಮುಖ ಹುಳ್ಳಗೆ ಮಾಡಿಕೊಂಡಳು. ಟಿವಿ ಕೆಳಗೆ ಹೊಸ ಮೆಷಿನ್. ಬೆಳ್ಳಗೆ, ತೆಳ್ಳಗೆ. ಡಿಸ್ಕ್ ಹಿಡ್ಕೊಂಡು ಮುಂದೆ ನೋಡ್ದೆ, ಪಕ್ಕ ನೋಡ್ದೆ, ಹಿಂದೆ ಕೈ ಹಾಕಿ ತಡವಿದೆ. ತೂರಿಸೋಕೆ ಜಾಗವೇ ಇಲ್ಲ. ಈಗೆಲ್ಲ ಡೌನ್‌ಲೋಡಂತೆ. ಇನ್ನು ಡಿಸ್ಕೇ ಬರಲ್ಲ, ಎಷ್ಟು ದಿನ ಹೊತ್ಕೊಂಡು ತಿರುಗ್ತೀಯ ಅಂದ ಅಣ್ಣ. ನಮ್ಮ ಗೇಮ್ ಗತಿ ಏನು ಅಂತ ಕೇಳಿದೆ.
"ಅದನ್ನೂ ಇಳಿಸ್ಕೊಂಡೆ ಕಣೆ. ಹೋದ ವಾರ ಮುಗಿಸ್ಬಿಟ್ಟೆ."
ಒಬ್ಬನೇ. ಸೇತುವೆ ದಾಟಿ, ಕೊನೆವರೆಗೂ. ಮೈ ಹುಷಾರಿಲ್ಲದವನು!
ಟೀ ಮುಟ್ಟದೆ ಎದ್ದು ಬಂದೆ. ಹೊಟ್ಟೆ ಉರೀತಿದೆ. ಆಡಿದ್ದಕ್ಕಲ್ಲ — ಬಚ್ಚಿಟ್ಟಿದ್ದಕ್ಕೆ. ಮೋಸ ಮಾಡಿದ, ಬೇರೆ ಮಾತಿಲ್ಲ.

ಮೇ 4
ಅಣ್ಣನೂ ನಾನೂ ಯಾವಾಗಲೂ ಹೋಗೋ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದೆ. ಡಿಸ್ಕ್ ಹಾಕೋ ಮೆಷಿನ್ ಒಂದೇ ಉಳಿದಿತ್ತು. ಮೂಲೆಯಲ್ಲಿ ಕೆಂಪು ನೇಲ್ ಪಾಲಿಶ್ ಚುಕ್ಕೆ. ಹಚ್ಚಿದವಳು ನಾನೇ! ಅಣ್ಣನ ಹಳೇ ಮೆಷಿನ್. ಅದರಲ್ಲಿ ಉಳಿದಿರೋ ಹಳೇ ಆಟನೆಲ್ಲ ಅಳಿಸಿಕೊಡಲಾ ಅಂತ ಅಂಗಡಿಯವನು ಕೇಳಿದ. ಬೇಡ ಅಂದೆ. ತಂದು ಅಟ್ಟದ ಮೇಲಿಟ್ಟೆ. ಹಾಳಾದ್ದು, ಆನ್ ಮಾಡೋಕೆ ಕೈ ಬರ್ತಿಲ್ಲ.

ಜೂನ್ 11
ಅಣ್ಣನ ಫೋನ್. ಕಂಪನಿಯವರು ಆ ಗೇಮನ್ನ ತೆಗೆದುಹಾಕಿದ್ದಾರಂತೆ. ದುಡ್ಡು ಕೊಟ್ಟು ತಗೊಂಡಿದ್ದರೂ ಈಗ ತೆರೆಯಲ್ಲವಂತೆ. ಅವನಿಗೂ ಟೋಪಿ. ಒಂದು ಕ್ಷಣ ಖುಷಿಯಾಯ್ತು, ಸುಳ್ಳು ಯಾಕೆ.
"ಡಿಸ್ಕ್ ನಿನ್ನ ಹತ್ರ ಇದೆ ಅಲ್ವಾ? ಭಾನುವಾರ ಬಾರೆ."
"ಯಾವುದಕ್ಕೆ ಹಾಕ್ತೀಯೋ ಅಣ್ಣ?"
ಹಳೇದನ್ನ ಮಾರಿಬಿಟ್ಟೆ ಕಣೆ ಅಂದ. ಹಳೇ ಮೆಷಿನ್ ನಮ್ಮನೆ ಅಟ್ಟದಲ್ಲಿದೆ ಅಂತ ಹೇಳೋಕೆ ಬಾಯಿ ತೆರೆದೆ. ಹೇಳಲಿಲ್ಲ.

ಜೂನ್ 15, ಭಾನುವಾರ
ಅಟ್ಟದಿಂದ ಇಳಿಸಿದೆ. ಡಿಸ್ಕ್ ಒರೆಸಿ ಹಾಕಿದೆ. ಎಲ್ಲ ಹಾಗೇ ಇದೆ. ಸೇತುವೆ. ಈ ತುದಿಯಲ್ಲಿ ಅವನ ಬೊಂಬೆ, ಪಕ್ಕ ನನ್ನದು. ಆಡೋರು ಎಷ್ಟು ಜನ ಅಂತ ಕೇಳ್ತಿದೆ. ಅರ್ಧ ಗಂಟೆಯಿಂದ ಕೂತಿದೀನಿ — ಪೆನ್ನು ಕೈಲಿ, ಕಂಟ್ರೋಲರ್ ತೊಡೆ ಮೇಲೆ. ಫೋನ್ ಮಾಡಿದ್ರೆ ಓಡಿ ಬರ್ತಾನೆ...
ಒಬ್ಬರು ಅಂತ ಒತ್ತಿದೆ. ಅಣ್ಣನ ಬೊಂಬೆ ಮಾಯ. ಒಂದೇ ಗುಂಡಿ. ಅವತ್ತು ಅವನಿಗೂ ಇಷ್ಟೇ ಸುಲಭ ಆಗಿತ್ತಾ, ಇಲ್ಲಾ ನನ್ನ ಹಾಗೆ ಅರ್ಧ ಗಂಟೆ—